ಎಲಾದಿಯೊ ಎಗರಿದ್ದು

ಬೆಳಿಗ್ಗೆ ಎದ್ದಾಗಿನಿಂದ ಎಲಾದಿಯೊ ರೊತೇಲಾನಿಗೆ ತನ್ನ ಎಡ ಮಂಡಿಯ ಮೇಲೆ ಸಿಟ್ಟು ಬಂದಿತ್ತು. ಹದಿನಾರು ವರ್ಷದಿಂದ ಒಂದಲ್ಲ ಒಂದು ಬಗೆಯಲ್ಲಿ ನೋಯುತ್ತಲೇ ಬಂದ ಮಂಡಿ ಈ ಭಾನುವಾರ, ನೋಯಬೇಕಾದ ದಿನ, ತೆಪ್ಪಗಿತ್ತು. ಹಾಸಿಗೆಯ ಅಂಚಿನಲ್ಲಿ ಕೂತು ಮಡಿಸಿದ, ಚಾಚಿದ, ಹೆಬ್ಬೆರಳಿನಿಂದ ಚಿಪ್ಪಿನ ಕೆಳಗೆ ಒತ್ತಿ ನೋಡಿದ. ಏನೂ ಇಲ್ಲ. ನೋವಿದ್ದಿದ್ದರೆ ಕೋಚ್‌ಗೆ ಹೇಳಿ ಬೆಂಚಿನ ಮೇಲೆ ಕೂರಬಹುದಿತ್ತು, ಯಾರಿಗೂ ಕೆಟ್ಟವನಾಗದೆ ದಿನ ಕಳೆಯಬಹುದಿತ್ತು. ಹಿತ್ತಲ ಗೋಡೆಯಾಚೆಯಿಂದ ಸುಣ್ಣದ ವಾಸನೆ ಬರುತ್ತಿತ್ತು; ಲಪಾಚೊ ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ ಗೆರೆ ಎಳೆಯುತ್ತಿದ್ದರು. ಅಕ್ಕ ನಿನ್ಫಾಳ ಮನೆಯ ಗೋಡೆಗೂ ಉತ್ತರದ ಗೋಲಿಗೂ ನಡುವೆ ಇಪ್ಪತ್ತು ಹೆಜ್ಜೆ. ಇವತ್ತು ಲಪಾಚೊ ಸೋಲದೆ ಹೋದರೆ ಸಾಕು, ಸಮ ಮಾಡಿಕೊಂಡರೂ ಸಾಕು, ಎರಡನೇ ದರ್ಜೆಯಲ್ಲಿ ಉಳಿಯುತ್ತದೆ. ಸೋತರೆ ಅರವತ್ತು ವರ್ಷದಲ್ಲಿ ಮೊದಲ ಸಲ ಮೂರನೆಯದಕ್ಕೆ ಬೀಳುತ್ತದೆ. ಎದುರು ಆಡುವ ತಂಡ ಸಾನ್ ರಮೋನ್. ಅದು ಏರುವುದೂ ಇಲ್ಲ, ಬೀಳುವುದೂ ಇಲ್ಲ, ಪಟ್ಟಿಯ ನಟ್ಟನಡುವೆ ಆರಾಮವಾಗಿ ಕೂತಿದೆ. ಅದರ ಡಿಫೆಂಡರ್ ಎಲಾದಿಯೊ.

ವಯಸ್ಸು ಮೂವತ್ತೇಳು, ಹನ್ನೊಂದು ಕ್ಲಬ್ಬು, ಐದು ದೇಶ. ಹೀಗೆಂದರೆ ಕೇಳಿದವರು ಹುಬ್ಬೇರಿಸುತ್ತಿದ್ದರು, ಯಾವ ಕ್ಲಬ್ಬುಗಳು ಎಂದು ತಿಳಿದ ಮೇಲೆ ಹುಬ್ಬು ಇಳಿಸುತ್ತಿದ್ದರು. ಚಿಲಿಯ ಕಲಾಮಾ, ಬೊಲಿವಿಯಾದ ಒರೂರೊ, ಈಕ್ವೆಡಾರಿನ ಅಂಬಾತೊ, ಗ್ವಾಟೆಮಾಲದಲ್ಲಿ ಕಬ್ಬಿನ ಹೊಗೆ ಸದಾ ಮುಸುಕಿರುವ ಒಂದು ಊರು. ಎಲ್ಲೋ ಒಬ್ಬ ಡಿಫೆಂಡರ್ ಕಾಲು ಮುರಿದುಕೊಂಡ, ಇಲ್ಲವೇ ಕೋಚ್ ಜೊತೆ ಜಗಳವಾಡಿ ಗಂಟುಮೂಟೆ ಕಟ್ಟಿದ ಎಂದರೆ ಇವನಿಗೆ ಫೋನ್ ಬರುತ್ತಿತ್ತು. ಕಲಾಮಾದಲ್ಲಿ ಕೊಟ್ಟ ಅಂಗಿಯ ಬೆನ್ನ ಮೇಲೆ ಹಿಂದಿನವನ ಹೆಸರೇ ಇತ್ತು. ಹೊಸದು ಬರುತ್ತೆ ಎಂದರು, ಬರುವಷ್ಟರಲ್ಲಿ ಸೀಸನ್ನು ಮುಗಿಯಿತು. ಜನ ಆ ಹೆಸರನ್ನೇ ಕೂಗುತ್ತಿದ್ದರು, ಇವನು ತಿರುಗಿ ಕೈಯೆತ್ತುತ್ತಿದ್ದ. ಗ್ವಾಟೆಮಾಲದ ಕೋಚ್ ಕೊನೆಯವರೆಗೂ ‘ಏ ಪರಾಗ್ವೆ’ ಎಂದೇ ಕರೆದ. ಹಾಗೆಂದು ಆ ವರ್ಷಗಳ ಮೇಲೆ ಎಲಾದಿಯೊಗೆ ಸಿಟ್ಟಿರಲಿಲ್ಲ. ಅಂಬಾತೊದಲ್ಲಿ ಒಂದು ಮಧ್ಯಾಹ್ನ ಎದುರಾಳಿ ಹುಡುಗನೊಬ್ಬ ಓಡುತ್ತಾ ಬಂದು, ನಿಂತು, ಚೆಂಡನ್ನು ಬೆರಳಿನಲ್ಲಿ ಎತ್ತಿಟ್ಟಷ್ಟು ಮೆಲ್ಲಗೆ ಇವನ ತಲೆಯ ಮೇಲಿಂದ ದಾಟಿಸಿ, ಆಚೆ ಅದು ನೆಲ ಮುಟ್ಟುವ ಮುನ್ನವೇ ಒದ್ದು ಗೋಲು ಮಾಡಿದಾಗ, ಎಲಾದಿಯೊ ಅಲ್ಲೇ ಮೈದಾನದ ನಡುವೆ ಚಪ್ಪಾಳೆ ತಟ್ಟಿಬಿಟ್ಟಿದ್ದ. ಬೇಕೆಂದು ತಟ್ಟಿದ್ದಲ್ಲ. ಕೈ ತಾನಾಗಿ ತಟ್ಟಿತು. ಕೋಚ್ ಅವನನ್ನು ಎರಡು ಪಂದ್ಯ ಹೊರಗೆ ಕೂರಿಸಿದ, ಜೊತೆಯವರು ವಾರಗಟ್ಟಲೆ ಇವನು ಊಟದ ಮನೆಗೆ ಬಂದಾಗಲೆಲ್ಲ ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಆ ಗೋಲನ್ನು ಅಷ್ಟು ಹತ್ತಿರದಿಂದ ನೋಡಿದವನು ಜಗತ್ತಿನಲ್ಲಿ ತಾನೊಬ್ಬನೇ ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಲಪಾಚೊ ಮಾತ್ರ ಬೇರೆ. ಹದಿನೈದರಲ್ಲಿ, ಹದಿನಾರರಲ್ಲಿ, ಹದಿನೇಳರಲ್ಲಿ, ಮೂರು ಸಲ ಆಯ್ಕೆಗೆ ಹೋಗಿದ್ದ. ಹುಟ್ಟಿದ್ದು ಆ ಗೋಡೆಯ ಈಚೆ, ಆಡಬೇಕಿದ್ದದ್ದು ಆಚೆ. ಮೊದಲ ಸಲ ‘ಉದ್ದ ಇದಾನೆ, ಅಷ್ಟೇ’ ಎಂದರು. ಎರಡನೇ ಸಲ ಅಷ್ಟನ್ನೂ ಹೇಳಲಿಲ್ಲ. ಮೂರನೇ ಸಲ ಆಯ್ಕೆಗೆ ಬಂದಿದ್ದಾನೆಂದು ಯಾರಿಗೂ ಹೊಳೆಯದೆ, ಗೋಡೆ ದಾಟಿ ಹೋದ ಚೆಂಡುಗಳನ್ನು ತಂದುಕೊಡು ಎಂದು ಕಳಿಸಿದರು. ಅವನು ತಂದುಕೊಟ್ಟ. ಸಂಜೆಯವರೆಗೂ ತನ್ನ ಮನೆಯ ಹಿತ್ತಲಿನಿಂದಲೇ ಚೆಂಡು ಹೆಕ್ಕಿ ತಂದುಕೊಟ್ಟು ಕೊನೆಗೆ ಅಲ್ಲೇ, ಹಿತ್ತಲಿನಲ್ಲೇ ಉಳಿದುಕೊಂಡ. ಮಾರನೇ ವರ್ಷ ದೂರದ ಜಿಲ್ಲೆಯ ಒಂದು ಕ್ಲಬ್ಬು ಕರೆಯಿತು, ಆಮೇಲೆ ಇನ್ನೊಂದು. ಹೋದಲ್ಲೆಲ್ಲ ಹೊಸಬರು ‘ಯಾವ ಕ್ಲಬ್ಬಿನಲ್ಲಿ ಬೆಳೆದೆ’ ಎಂದು ಕೇಳುತ್ತಿದ್ದರು. ಅವನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದ. ಈಗ ವಾಪಸು ಬಂದು ಅಕ್ಕನ ಹಿಂದಿನ ಕೋಣೆಯಲ್ಲಿದ್ದಾನೆ. ಈ ವರ್ಷ ಮುಗಿದರೆ ಆಟ ಮುಗಿಯಿತು. ಇನ್ನು ಬದುಕುವುದು ಇಲ್ಲೇ, ಈ ಬೀದಿಯಲ್ಲೇ. ಬೀದಿಯ ಜನ ಅವನನ್ನು ‘ನಿನ್ಫಾನ ತಮ್ಮ’ ಎನ್ನುತ್ತಿದ್ದರು.

ಹತ್ತು ಗಂಟೆಗೆ ದೊನ್ ಸಿರಿಯಾಕೊ ಬಂದ. ಬೀದಿಯ ಮಾಂಸದಂಗಡಿಯವನು, ಲಪಾಚೊ ಕ್ಲಬ್ಬಿನ ಅಧ್ಯಕ್ಷ. ಭಾನುವಾರ ಬೆಳಿಗ್ಗೆ ಅಂಗಡಿ ಬಿಟ್ಟು ಬರುವ ಮನುಷ್ಯನಲ್ಲ. ಮಾವಿನ ಮರದ ನೆರಳಿನಲ್ಲಿ ಕುರ್ಚಿ ಎಳೆದುಕೊಂಡು ಕೂತ. ನಿನ್ಫಾ ಐಸು ಹಾಕಿದ ನೀರಿನ ಜಗ್ಗು, ಕೊಂಬಿನ ಲೋಟ, ಅದರ ತುಂಬ ತೆರೆರೆ ಎಂಬ ತಣ್ಣನೆಯ ಕಷಾಯದ ಸೊಪ್ಪು ತಂದಿಟ್ಟಳು. ಸೊಪ್ಪಿನ ಮೇಲೆ ತಣ್ಣೀರು ಹುಯ್ಯುವುದು, ಕೊಳವೆಯಲ್ಲಿ ಹೀರುವುದು, ಲೋಟ ವಾಪಸು ಕೊಡುವುದು. ಹೀಗೆ ಒಂದು ಸುತ್ತು ಆಯಿತು.

“ಉತ್ತರದ ಗಾಳಿ ಎದ್ದಿದೆ,” ಎಂದ ದೊನ್ ಸಿರಿಯಾಕೊ. “ತಲೆ ಕೆಡ್ಸೋ ಗಾಳಿ.”

“ಹೌದು, ದೊನ್ ಸಿರಿಯಾಕೊ.”

“ಮಂಡಿ ಹೇಗಿದೆಯಪ್ಪ?”

“ಪರವಾಗಿಲ್ಲ.”

“ಪರವಾಗಿಲ್ಲ ಅಂತೀಯ. ನಮ್ಮ ಭಾವಮೈದನೂ ಹಂಗೇ ಅಂತಿದ್ದ. ಏಣಿ ಹತ್ತಿದ, ಇಳಿಯೋಕಾಗ್ಲಿಲ್ಲ. ಈಗ ಕೋಲು ಹಿಡ್ಕೊಂಡು ಓಡಾಡ್ತಾನೆ.” ಲೋಟ ತುಂಬಿ ಎಲಾದಿಯೊಗೆ ಚಾಚಿದ. “ನಿನ್ನ ವಯಸ್ಸಲ್ಲಿ, ಇಂಥ ಮಂಡಿ ಇಟ್ಕೊಂಡು, ಇಂಥ ಬಿಸಿಲಲ್ಲಿ, ಒಬ್ಬ ಮನುಷ್ಯ ಸುಮ್ಸುಮ್ನೆ ಎಗರಬಾರದು. ನಾನೇನು ಡಾಕ್ಟರಲ್ಲ. ಆದ್ರೂ ಎಷ್ಟು ಮೂಳೆ ನೋಡಿದೀನಿ ನಾನು.”

ಬಾಗಿಲಲ್ಲಿ ನಿಂತಿದ್ದ ನಿನ್ಫಾ, “ದನದ ಮೂಳೆ ನೋಡಿದೀರಿ,” ಎಂದಳು.

“ಮೂಳೆ ಮೂಳೆನೇ ಕಣಮ್ಮ.”

ಎಲಾದಿಯೊ ಲೋಟ ತೆಗೆದುಕೊಂಡ. ಈ ಬೀದಿಯಲ್ಲಿ ಯಾರೂ ಯಾವುದನ್ನೂ ನೇರವಾಗಿ ಕೇಳುವುದಿಲ್ಲ. ಕೇಳಿದರೆ ಕೇಳಿದವನ ಮರ್ಯಾದೆಯೂ ಹೋಗುತ್ತದೆ, ಕೇಳಿಸಿಕೊಂಡವನದೂ ಹೋಗುತ್ತದೆ. ಇಲ್ಲ ಎನ್ನುವುದಿದ್ದರೆ ಲೋಟ ಖಾಲಿಯಾಗುವ ಮುನ್ನ ಮಾತು ತಿರುಗಿಸಬೇಕು. ಕೊಟ್ಟದ್ದನ್ನು ಹೀರಿ, ಸುಮ್ಮನೆ ವಾಪಸು ಕೊಟ್ಟರೆ ಒಪ್ಪಿದಂತೆ. ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಹದಿನೆಂಟು ವರ್ಷ ಪರದೇಶದಲ್ಲಿ, ಪರವೂರುಗಳಲ್ಲಿ ಅಲೆದವನಿಗೆ ಮಾತು ತಿರುಗಿಸುವ ಕೈಚಳಕ ಎಲ್ಲೋ ಬಿಟ್ಟುಹೋಗಿತ್ತು. ಮಳೆಯ ಬಗ್ಗೆ ಹೇಳಲೆ, ಮಾವಿನ ಹೂವಿನ ಬಗ್ಗೆ ಹೇಳಲೆ ಎಂದು ಯೋಚಿಸುತ್ತಿರುವಾಗಲೇ ಲೋಟದ ತಳದಲ್ಲಿ ಕೊಳವೆ ಗೊರಗೊರ ಎಂದಿತು. ಕುಡಿದಾಗಿತ್ತು. ಲೋಟ ವಾಪಸು ಕೊಟ್ಟ. ದೊನ್ ಸಿರಿಯಾಕೊ ಎದ್ದು, ಅವನ ಭುಜದ ಮೇಲೆ ಒಂದು ಸಲ ಕೈಯಿಟ್ಟು, ನಿನ್ಫಾಗೆ ನಾಳೆ ಒಳ್ಳೆಯ ಪಕ್ಕೆಲುಬು ಎತ್ತಿಟ್ಟಿರುತ್ತೇನೆಂದು ಹೇಳಿ ಹೋದ. ಭುಜದ ಮೇಲೆ ಬಿದ್ದ ಆ ಕೈಯ ಭಾರ ಹೋಗಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಿಕೊಳ್ಳಲಾಗದ ಒಂದು ಸಂತೋಷವೂ ಆಯಿತು. ಲಪಾಚೊ ಕ್ಲಬ್ಬು ಅವನಲ್ಲಿ ಏನನ್ನಾದರೂ ಬೇಡಿದ್ದು ಇದೇ ಮೊದಲು.

ನಾಲ್ಕು ಗಂಟೆಗೆ ಮೈದಾನ ಕೆಂಪು ಧೂಳಿನಲ್ಲಿ ಉರಿಯುತ್ತಿತ್ತು. ಒಂದೇ ಒಂದು ಸಿಮೆಂಟಿನ ಗ್ಯಾಲರಿ, ಆರು ಮೆಟ್ಟಿಲು, ಅದರ ಮೇಲೆ ಇಡೀ ಬೀದಿ. ಕಂಕುಳಲ್ಲಿ ನೀರಿನ ಜಗ್ಗು ಅವುಚಿಕೊಂಡ ಗಂಡಸರು, ಮೊಮ್ಮಕ್ಕಳನ್ನು ಕಟ್ಟಿಕೊಂಡ ಮುದುಕಿಯರು, ತಲೆಯ ಮೇಲೆ ಬುಟ್ಟಿ ಹೊತ್ತು ಚೀಸಿನ ಚಿಪಾ ರೊಟ್ಟಿ ಮಾರುವ ಹೆಂಗಸು. ನಿನ್ಫಾ ತನ್ನ ಹಿತ್ತಲಲ್ಲಿ ಕುರ್ಚಿಯ ಮೇಲೆ ನಿಂತು ಗೋಡೆಗೆ ಮೊಣಕೈಯೂರಿದ್ದಳು. ಎಲಾದಿಯೊ ಮೊದಲ ಅರ್ಧವನ್ನು ಕಳ್ಳನಂತೆ ಆಡಿದ. ಲಪಾಚೊ ಪರವಾಗಿ ಗೋಲು ಹೊಡೆಯಬೇಕಾದ ಫಾರ್ವರ್ಡ್ ಫೆರ್ಮಿನ್ ಎಂಬ ಇಪ್ಪತ್ತೆರಡರ ಹುಡುಗ. ಅವನ ಬೆನ್ನಿಗೆ ಅಂಟಿ ನಿಲ್ಲಬೇಕಾದಲ್ಲಿ ಅರ್ಧ ಹೆಜ್ಜೆ ಬಿಟ್ಟು ನಿಂತ. ಆ ಅರ್ಧ ಹೆಜ್ಜೆ ಗ್ಯಾಲರಿಗೆ ಕಾಣುವುದಿಲ್ಲ, ಕೋಚ್‌ಗೂ ಕಾಣುವುದಿಲ್ಲ, ಇವನೊಬ್ಬನಿಗೆ ಗೊತ್ತು. ಬದುಕೆಲ್ಲ ಕಲಿತದ್ದು ಆ ಅರ್ಧ ಹೆಜ್ಜೆ ಬಿಡದಿರುವುದನ್ನೇ. ಒರೂರೊದ ತೆಳುವಾದ ಗಾಳಿಯಲ್ಲಿ, ಚೆಂಡು ಇಳಿಯಬೇಕಾದಲ್ಲಿ ಇಳಿಯದೆ ತಲೆಯ ಮೇಲೆ ತೇಲಿಕೊಂಡೇ ಹೋಗುವ ಆ ಎತ್ತರದ ಊರಿನಲ್ಲಿ, ಮೂಗಿನಿಂದ ರಕ್ತ ಸುರಿಸಿಕೊಂಡು ಆರು ತಿಂಗಳು ಕಲಿತಿದ್ದ. ಆದರೂ ಫೆರ್ಮಿನ್ ಗೋಲು ಮಾಡಲಿಲ್ಲ. ಬಿಟ್ಟುಕೊಟ್ಟ ಜಾಗ ಅವನಿಗೆ ಕಾಣಿಸುತ್ತಲೇ ಇರಲಿಲ್ಲ. ಬಾಗಿಲು ತೆರೆದಿಟ್ಟರೂ ಒಳಗೆ ಬರಲು ಗೊತ್ತಿಲ್ಲದ ಹುಡುಗನ ಮೇಲೆ ಎಲಾದಿಯೊಗೆ ಮರುಕವೂ ಸಿಟ್ಟೂ ಬಂತು. ಪಕ್ಕದ ಡಿಫೆಂಡರ್ ಗೆಳೆಯ, “ಏನಣ್ಣ, ನಿದ್ದೆ ಬಂತಾ? ಹಾಸಿಗೆ ಹಾಸ್ಲಾ?” ಎಂದ. ಎಲಾದಿಯೊ ಬಿಸಿಲು ಕಣೋ ಬಿಸಿಲು ಎಂದ. ಹನ್ನೊಂದು ಕ್ಲಬ್ಬುಗಳಲ್ಲಿ ಸೋತಿದ್ದಾನೆ, ಬಿದ್ದಿದ್ದಾನೆ, ಬೈಸಿಕೊಂಡಿದ್ದಾನೆ, ಆದರೆ ಬೇಕೆಂದು ಕಡಿಮೆ ಆಡಿದ್ದು ಇದೇ ಮೊದಲು. ಕಾಲುಗಳು ತನ್ನವಲ್ಲ ಎನ್ನಿಸುತ್ತಿತ್ತು.

ಎಂಬತ್ತಾರನೇ ನಿಮಿಷ. ಸೊನ್ನೆ ಸೊನ್ನೆ. ಗ್ಯಾಲರಿಯಲ್ಲಿ ಆಗಲೇ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಸಾನ್ ರಮೋನ್‌ಗೆ ಒಂದು ಕಾರ್ನರ್ ಸಿಕ್ಕಿತು, ಉತ್ತರದ ಗೋಲಿನ ಕಡೆ. ಕೋಚ್ ಎರಡು ಕೈ ಬೀಸಿ, ಹೋಗು ಹೋಗು ಎಂದ. ಎತ್ತರದ ಡಿಫೆಂಡರ್ ಕಾರ್ನರಿಗೆ ಮುಂದೆ ಹೋಗಲೇಬೇಕು, ಹೋಗದಿದ್ದರೆ ಕುರುಡನಿಗೂ ಅನುಮಾನ ಬರುತ್ತದೆ. ಎಲಾದಿಯೊ ಹೋದ. ಹೋಗಿ ಚೆಂಡು ಯಾವತ್ತೂ ಬಾರದ ಜಾಗ ಹುಡುಕಿದ: ದೂರದ ಕಂಬದಿಂದ ಹಿಂದಕ್ಕೆ, ಯಾರೂ ಕಾಯದ, ಕಾಯಬೇಕಿಲ್ಲದ ಮೂಲೆ. ಅಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡ. ಗೋಡೆಯ ಮೇಲೆ ಅಕ್ಕನ ಮುಖ ಕಾಣಿಸಿತು. ಇನ್ನು ನಾಲ್ಕು ನಿಮಿಷ. ನಾಳೆ ಪಕ್ಕೆಲುಬು. ನಾಳಿದ್ದು ಬೀದಿಯಲ್ಲಿ ಯಾರಾದರೂ ಕುರ್ಚಿ ಎಳೆದು ಕೂರು ಎನ್ನಬಹುದು.

ಚೆಂಡು ಎದ್ದಿತು. ಅದು ಹತ್ತಿರದ ಕಂಬಕ್ಕೆಂದು ಒದ್ದ ಚೆಂಡು, ಹಾಗೆಂದು ಅವನಿಗೆ ಎದ್ದ ಕೂಡಲೇ ಗೊತ್ತಾಯಿತು. ಗಾಳಿ ಅದನ್ನು ಹಿಡಿಯಿತು. ಎಲ್ಲರ ತಲೆಗಳ ಮೇಲೆ, ಗೋಲ್‌ಕೀಪರನ ಚಾಚಿದ ಬೆರಳುಗಳ ಮೇಲೆ, ಅದು ದಾರಿ ಬದಲಿಸಿ, ಅವಸರವಿಲ್ಲದೆ, ತಾನಿದ್ದ ಮೂಲೆಗೇ ಬರುವುದನ್ನು ಎಲಾದಿಯೊ ಬಾಯಿ ತೆರೆದು ನೋಡಿದ. ಬೇಡ ಎಂದುಕೊಂಡ. ಬೇಡ ಎನ್ನುತ್ತಿರುವಾಗಲೇ ಕಾಲುಗಳು ಎರಡು ಹೆಜ್ಜೆ ಹಾಕಿದವು, ಆ ಎಡ ಮಂಡಿ ಬಾಗಿತು, ನೆಲ ಕೆಳಗೆ ಹೋಯಿತು. ಎಗರಿದ್ದು ಅವನಲ್ಲ. ಇದನ್ನು ಆಮೇಲೆ ಯಾವ ನ್ಯಾಯಸ್ಥಾನದ ಮುಂದೆ ಬೇಕಾದರೂ ಹೇಳಬಲ್ಲವನಾಗಿದ್ದ. ಎಗರಿದ್ದು ಹದಿನೆಂಟು ವರ್ಷ. ದಿನವೂ ಬೆಳಿಗ್ಗೆ ಬಿಸಿಲಿನಲ್ಲಿ, ಮಂಜಿನಲ್ಲಿ, ಬೂದಿಯಲ್ಲಿ ಎಗರಿ ಎಗರಿ ಯಾರ ಮಾತನ್ನೂ ಕೇಳದಂತಾಗಿದ್ದ ಒಂದು ಮೈ. ಮೇಲೆ ಒಂದು ಕ್ಷಣ ಅವನು ನಿಂತಿದ್ದ. ನಿಜಕ್ಕೂ ನಿಂತಿದ್ದ. ಕೆಳಗೆ ಜನರ ತಲೆಗಳು, ಗೋಡೆಯಾಚೆ ಅಕ್ಕನ ಹಿತ್ತಲು, ಒಗೆದು ಹರವಿದ ಬಟ್ಟೆ, ಮಾವಿನ ಮರದ ನೆತ್ತಿ, ಅದರಾಚೆ ಹೊಳೆಯುವ ನದಿಯ ಒಂದು ಚೂರು. ಹುಟ್ಟಿದ ಜಾಗವನ್ನು ಇಷ್ಟೆತ್ತರದಿಂದ ಎಂದೂ ನೋಡಿರಲಿಲ್ಲ. ಎಷ್ಟು ಚೆನ್ನಾಗಿದೆ ಎನ್ನಿಸಿತು. ಹಣೆಗೆ ಚೆಂಡು ತಾಗಿತು. ಅದು ಎಲ್ಲಿಗೆ ಹೋಯಿತೆಂದು ನೋಡುವ ಅಗತ್ಯವಿರಲಿಲ್ಲ. ಬಲೆ ಸರ್ರೆಂದ ಸದ್ದು ಮೈದಾನಕ್ಕೆಲ್ಲ ಕೇಳಿಸಿತು, ಯಾಕೆಂದರೆ ಆ ಹೊತ್ತಿನಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ.

ನೆಲಕ್ಕಿಳಿದವನು ಓಡಲಿಲ್ಲ, ಕೂಗಲಿಲ್ಲ. ಗ್ಯಾಲರಿಯತ್ತ ತಿರುಗಿ ಎರಡೂ ಕೈ ಜೋಡಿಸಿ ಎದೆಯ ಮುಂದೆ ಹಿಡಿದ, ತಲೆ ಬಾಗಿಸಿದ. ಆಟಗಾರ ತಾನು ಹಿಂದೆ ಆಡಿದ ಕ್ಲಬ್ಬಿನ ಮೇಲೆ ಗೋಲು ಹೊಡೆದರೆ ಹೀಗೆ ಮಾಡಬೇಕು. ಕುಣಿಯಬಾರದು, ಕ್ಷಮೆ ಕೇಳಬೇಕು, ಅದು ಈ ಆಟದ ಮರ್ಯಾದೆ. ತಾನು ಮಾಡಿದ್ದೇನೆಂದು ಎಲಾದಿಯೊಗೆ ತಿಳಿದದ್ದು ಕೈ ಜೋಡಿಸಿಯಾದ ಮೇಲೆ. ಹನ್ನೊಂದು ಕ್ಲಬ್ಬು ತಿರುಗಿದವನಿಗೆ ಎದುರು ಬಂದದ್ದೆಲ್ಲ ಹಳೆಯ ಕ್ಲಬ್ಬೇ, ಕೈಗೆ ಅದೇ ಅಭ್ಯಾಸ. ಒರೂರೊದ ತಂಡದ ಮೇಲೆ ಒಂದು ಸಲ ಗೋಲು ಹೊಡೆದು ಹೀಗೇ ಕೈ ಜೋಡಿಸಿದಾಗ ಅಲ್ಲಿನ ಜನ ಮುಖ ಮುಖ ನೋಡಿಕೊಂಡಿದ್ದರು. ಒಬ್ಬ, “ಯಾರಪ್ಪ ಇವನು? ಏನು ಬೇಕಂತೆ?” ಎಂದದ್ದು ಕಿವಿಗೆ ಬಿದ್ದಿತ್ತು. ಅಲ್ಲಿ ಆರು ತಿಂಗಳಾದರೂ ಆಡಿದ್ದ. ಇಲ್ಲಿ ಒಂದು ದಿನವೂ ಇಲ್ಲ. ಇನ್ನು ಈ ಗ್ಯಾಲರಿ ನಗುತ್ತದೆ ಎಂದುಕೊಂಡ. ಅರವತ್ತು ವರ್ಷದ ಕ್ಲಬ್ಬು ಮುಳುಗುತ್ತಿರುವಾಗಲೂ ನಗುತ್ತದೆ, ನಾವು ಮೂರು ಸಲ ಓಡಿಸಿದವನು ಹಳೆಯ ಆಟಗಾರನಂತೆ ಕೈ ಮುಗಿಯುತ್ತಿದ್ದಾನೆ ನೋಡಿ ಎಂದು. ಜೋಡಿಸಿದ ಕೈಗಳನ್ನು ಬಿಡಿಸಲಾಗದೆ ಹಾಗೇ ನಿಂತ.

“ದ್ರೋಹಿ!” ಎಂದು ಯಾರೋ ಕೂಗಿದರು.

ಗ್ಯಾಲರಿ ಎದ್ದು ನಿಂತಿತು. “ನಮ್ಮ ಮೈದಾನದಲ್ಲೇ ಬೆಳ್ದು ನಮಗೇ ಹೊಡೀತೀಯೇನೋ!” “ಕೈ ಬೇರೆ ಮುಗೀತಾನೆ ನೋಡು, ನಾಚಿಕೆಗೆಟ್ಟೋನು!” “ಈ ಅಂಗಿ ಹಾಕ್ಕೊಂಡು ಮನುಷ್ಯ ಆದೋನು ಕಣ್ರೋ ಅವ್ನು!” ಒಣಗಿದ ಚಿಪಾ ರೊಟ್ಟಿಯೊಂದು ತಂತಿಬೇಲಿ ದಾಟಿ ಬಂದು ಅವನ ಕಾಲ ಬಳಿ ಬಿತ್ತು. ಎಲಾದಿಯೊ ಕಿವಿಗೊಟ್ಟು ಕೇಳಿದ. ತಪ್ಪಾಗಿ ಕೇಳಿಸುತ್ತಿಲ್ಲ ಎಂದು ಖಚಿತವಾದ ಮೇಲೆ ಮೈ ಜುಮ್ಮೆಂದಿತು. ಹದಿನೆಂಟು ವರ್ಷ, ಹನ್ನೊಂದು ಕ್ಲಬ್ಬು, ಯಾರೂ ಅವನನ್ನು ದ್ರೋಹಿ ಎಂದಿರಲಿಲ್ಲ. ದ್ರೋಹಿ ಎನ್ನಿಸಿಕೊಳ್ಳಲು ಮೊದಲು ಅವರವನಾಗಿರಬೇಕಿತ್ತು. ಆರು ಮೆಟ್ಟಿಲ ಆ ಗ್ಯಾಲರಿಯನ್ನು ಅವನು ಇಗರ್ಜಿಯೊಳಗೆ ಮೊದಲ ಸಲ ಕಾಲಿಟ್ಟವನು ಮೇಲಕ್ಕೆ ನೋಡುವಂತೆ ನೋಡುತ್ತಾ ನಿಂತ. ಗೆಳೆಯರು ಬಂದು ಮೇಲೆ ಬಿದ್ದು ತಬ್ಬಿಕೊಂಡರು. ರೆಫ್ರಿ ಸೀಟಿ ಊದಿದ. ಉಳಿದ ನಿಮಿಷಗಳಲ್ಲಿ ಲಪಾಚೊ ಹತ್ತೂ ಜನರನ್ನು ಮುಂದೆ ಕಳಿಸಿತು, ಎಲಾದಿಯೊ ಬಂದ ಬಂದ ಚೆಂಡನ್ನೆಲ್ಲ ತಲೆಯಿಂದ ಆಚೆಗೆ ಕಳಿಸಿದ. ಈಗ ಅರ್ಧ ಹೆಜ್ಜೆಯನ್ನೂ ಬಿಡಲಿಲ್ಲ. ಪಂದ್ಯ ಮುಗಿಯಿತು. ಫೆರ್ಮಿನ್ ನೆಲದ ಮೇಲೆ ಮುಖ ಅಡಿಯಾಗಿ ಬಿದ್ದುಕೊಂಡಿದ್ದ. ಚಿಪಾ ಮಾರುವವಳು ಬುಟ್ಟಿ ಇಳಿಸಿ ಕಣ್ಣನ್ನು ಅಂಗೈಯಿಂದ ಒರೆಸಿಕೊಳ್ಳುತ್ತಿದ್ದಳು. ಅವಳನ್ನು ನೋಡಿದಾಗ ಮಾತ್ರ ಎಲಾದಿಯೊ ಮುಖ ತಿರುಗಿಸಿಕೊಂಡ.

ಮನೆಗೆ ಹೋಗಲು ಇದ್ದದ್ದು ಒಂದೇ ಗೇಟು. ಸಾನ್ ರಮೋನ್ ಬಸ್ಸಿನಲ್ಲಿ ಹತ್ತಿಕೊಂಡು ಹೋಗು ಎಂದು ಕೋಚ್ ಹೇಳಿದ. ಎಲ್ಲಿಗೆ ಹೋಗಲಿ, ಮನೆ ಇಲ್ಲೇ ಇದೆ ಎಂದು ಎಲಾದಿಯೊ ಚೀಲ ಹೆಗಲಿಗೇರಿಸಿ ಹೊರಟ. ಗೇಟಿನ ಹೊರಗೆ ಬೀದಿ ಕಾಯುತ್ತಿತ್ತು. ಯಾರೂ ಕೈ ಮಾಡಲಿಲ್ಲ, ದಾರಿಯನ್ನೂ ಬಿಡಲಿಲ್ಲ.

“ತೊಂಬತ್ತೊಂಬತ್ತರಲ್ಲಿ,” ಎನ್ನುತ್ತಿದ್ದ ಹುಲ್ಲು ಟೋಪಿಯ ಮುದುಕನೊಬ್ಬ, “ಇವ್ನದು ಮೂರನೇ ನಂಬರು. ನಾನೇ ನೋಡಿದೀನಿ. ಗೋಲಿನ ಗೆರೆ ಮೇಲಿಂದ ಚೆಂಡು ತೆಗ್ದಿದ್ದ, ಆ ವರ್ಷ ನಾವು ಉಳಿದಿದ್ದೇ ಅದ್ರಿಂದ.”

“ಮೂರಲ್ಲ, ಆರನೇ ನಂಬರು,” ಎಂದ ಇನ್ನೊಬ್ಬ. “ಆಗಲೂ ಹಿಂಗೇ ಉದ್ದ ಇದ್ದ. ಅವತ್ತು ಉಳಿಸ್ದೋನು ಇವತ್ತು ಮುಳುಗಿಸ್ಬಿಟ್ಟ.”

ದೊನ್ ಸಿರಿಯಾಕೊ ಗುಂಪಿನ ನಡುವೆ ನಿಂತಿದ್ದ. ಬೆಳಿಗ್ಗೆಯ ಮಾತನ್ನು ಅವನು ಈ ಜನರ ಮುಂದೆ ಎತ್ತುವಂತಿರಲಿಲ್ಲ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ದಿಗ್ಭ್ರಮೆ ಇತ್ತು. ಇಷ್ಟೆತ್ತರ ಎಗರುವ ಮನುಷ್ಯ ತನ್ನ ಬೀದಿಯಲ್ಲೇ ಇದ್ದನೇ ಎಂಬಂತೆ ಎಲಾದಿಯೊನ ಕಾಲುಗಳನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ನಿನ್ಫಾ ಕೈಯಲ್ಲಿ ಪೊರಕೆ ಹಿಡಿದು ಗುಂಪನ್ನು ಸೀಳಿಕೊಂಡು ಬಂದಳು. ಪೊರಕೆ ಯಾಕೆ ತಂದಳೆಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

“ಯಾರ್ರೀ ದ್ರೋಹಿ? ಯಾವತ್ತು ಆಡಿದ್ದ ಇವ್ನು ನಿಮ್ಮ ಕ್ಲಬ್ಬಲ್ಲಿ? ಒಂದು ದಿನ ಆಡಿದ್ರೆ ಹೇಳಿ! ಮೂರು ಸಲ ಬಂದ, ಮೂರು ಸಲಾನೂ ಓಡಿಸ್ಬಿಟ್ರಿ. ಚೆಂಡು ಹೆಕ್ಕೋಕೆ ಹಚ್ಚಿದ್ರಿ ನನ್ನ ತಮ್ಮನ್ನ! ಅವ್ನು ನಿಮಗೇನೂ ಕೊಡಬೇಕಾಗಿಲ್ಲ. ಅಂಗಿ ಹಾಕ್ಸಿದ್ರಂತೆ ಅಂಗಿ!”

ಗುಂಪು ತಣ್ಣಗಾಯಿತು. ಜನ ಒಬ್ಬೊಬ್ಬರಾಗಿ ಎಲಾದಿಯೊನ ಮುಖ ನೋಡತೊಡಗಿದರು. ಬೈಗುಳ ಇಳಿದ ಆ ಕಣ್ಣುಗಳಲ್ಲಿ ಬೇರೊಂದು ನೋಟ ಏಳುತ್ತಿರುವುದು ಅವನಿಗೆ ಕಾಣಿಸಿತು. ಕಲಾಮಾದಲ್ಲಿ, ಒರೂರೊದಲ್ಲಿ ಕಂಡಿದ್ದ ನೋಟ. ಪರವೂರಿನವನಿಗೆ ದಾರಿ ಬಿಡುವಾಗಿನ ಸೌಜನ್ಯ. ಒಬ್ಬಿಬ್ಬರು ಆಗಲೇ ಪಕ್ಕಕ್ಕೆ ಸರಿಯುತ್ತಿದ್ದರು. ಅಕ್ಕ ಹೇಳಿದ್ದೆಲ್ಲ ನಿಜ. ಸುಮ್ಮನಿದ್ದರೆ ಸಾಕಿತ್ತು, ತಪ್ಪಿಲ್ಲದವನಾಗಿ ಮನೆ ಸೇರಬಹುದಿತ್ತು.

“ಹೌದೇನಪ್ಪ?” ಎಂದ ದೊನ್ ಸಿರಿಯಾಕೊ. ಜೀವಮಾನದಲ್ಲಿ ಅವನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಇರಬೇಕು. “ನೀನು ನಮ್ಮಲ್ಲಿ ಆಡೇ ಇಲ್ವಾ?”

ಎಲಾದಿಯೊ ಅಕ್ಕನ ಕೈಯಿಂದ ಪೊರಕೆ ಮೆಲ್ಲಗೆ ತೆಗೆದುಕೊಂಡ.

“ಅಕ್ಕಂಗೆ ಮರ್ತೋಗಿದೆ,” ಎಂದ. “ಆಡಿದ್ದೆ. ತೊಂಬತ್ತೊಂಬತ್ತರಲ್ಲಿ. ಮೂರನೇ ನಂಬರು.”

“ನಾನು ಹೇಳ್ಲಿಲ್ವಾ!” ಎಂದು ಹುಲ್ಲು ಟೋಪಿಯವನು ಕಿರುಚಿದ. ನಿನ್ಫಾ ತಮ್ಮನ ಮುಖವನ್ನೇ ನೋಡುತ್ತಾ ಉಳಿದಳು. ಸರಿದಿದ್ದವರು ಮತ್ತೆ ದಾರಿಗೆ ಅಡ್ಡ ಬಂದು ನಿಂತರು, ದೊನ್ ಸಿರಿಯಾಕೊ ಎರಡು ಹೆಜ್ಜೆ ಮುಂದೆ ಬಂದು ಅವನ ಕಾಲ ಬಳಿ ನೆಲಕ್ಕೆ ಉಗಿದ. “ನಮ್ಮೋನೇ ಆಗಿ ಇಂಥ ಕೆಲ್ಸ ಮಾಡಿದ್ಯಲ್ಲೋ,” ಎಂದ. ಎಲ್ಲರೂ ಒಟ್ಟಿಗೆ ಬೈಯತೊಡಗಿದರು, ಹೆಸರು ಹಿಡಿದು, ಎಲಾದಿಯೊ, ಎಲಾದಿಯೊ ರೊತೇಲಾ ಎಂದು. ಅವನು ತನ್ನ ಮುಖ ಅವರಿಗೆ ಕಾಣಬಾರದೆಂದು ತಲೆ ತಗ್ಗಿಸಿ ನಿಂತುಕೊಂಡ.